ನೋಡುವವನ ಸಂಯಮ: ಆಫ್ರಿಕದ ಸಫಾರಿಯ ಒಂದು ನೈತಿಕ ವಿಮರ್ಶೆ

ತೀರ್ಥಂಕರರ ಲಾಂಛನಗಳು ಜೈನ ಮನೆಗಳ ಮಕ್ಕಳಿಗೆ ಅಕ್ಷರಾಭ್ಯಾಸಕ್ಕೆ ಮೊದಲೇ ಪರಿಚಿತವಾಗಿರುತ್ತವೆ. ಅಜಿತನಾಥರಿಗೆ ಆನೆ, ಶ್ರೇಯಾಂಸನಾಥರಿಗೆ ಖಡ್ಗಮೃಗ, ವಾಸುಪೂಜ್ಯರಿಗೆ ಕೋಣ, ಶಾಂತಿನಾಥರಿಗೆ ಜಿಂಕೆ, ವರ್ಧಮಾನ ಮಹಾವೀರರಿಗೆ ಸಿಂಹ. ಜಿನಬಿಂಬದ ಪೀಠದಲ್ಲಿ ಈ ಮೃಗಗಳು ಸಾಧುಸ್ವಭಾವದಿಂದ ಕುಳಿತಿರುತ್ತವೆ. ಅವುಗಳಿಗೆ ಯಾರ ಭಯವೂ ಇಲ್ಲ, ಅವುಗಳಿಂದ ಯಾರಿಗೂ ಭಯವಿಲ್ಲ. ಪೂರ್ವ ಆಫ್ರಿಕದ ಪ್ರವಾಸ ಪತ್ರಿಕೆಗಳಲ್ಲಿ ಇನ್ನೊಂದು ಪಟ್ಟಿ ಇದೆ. ಅದರ ಹೆಸರು 'ಬಿಗ್ ಫೈವ್', ಎಂದರೆ ಐದು ಮಹಾಮೃಗಗಳು: ಸಿಂಹ, ಆನೆ, ಖಡ್ಗಮೃಗ, ಕಾಡುಕೋಣ ಮತ್ತು ಚಿರತೆ. ಜಾತಿಗಳಲ್ಲಿ ಭೇದವಿದ್ದರೂ ಈ ಐದರಲ್ಲಿ ನಾಲ್ಕು ಪೀಠದ ಮೇಲಿನ ಪಟ್ಟಿಗೂ ಸೇರಿದವು. ಮೃಗಗಳು ಒಂದೇ, ನೋಡುವ ಕಣ್ಣು ಬೇರೆ. ಎರಡನೆಯ ಪಟ್ಟಿಯನ್ನು ರೂಪಿಸಿದವರು ಬೇಟೆಗಾರರು. ಕಾಲ್ನಡಿಗೆಯಲ್ಲಿ ಹೋಗಿ ಕೊಲ್ಲಲು ಅತ್ಯಂತ ಕಷ್ಟವಾದ, ಅತ್ಯಂತ ಅಪಾಯಕರವಾದ ಐದು ಪ್ರಾಣಿಗಳು ಯಾವುವು ಎಂಬುದೇ ಆ ಪಟ್ಟಿಯ ಮೂಲ ಪ್ರಶ್ನೆಯಾಗಿತ್ತು.

ಕರ್ನಾಟಕದಿಂದಲೂ ಮುಂಬಯಿ, ಅಹಮದಾಬಾದುಗಳಿಂದಲೂ ಜೈನ ಕುಟುಂಬಗಳು ರಜೆಯ ದಿನಗಳಲ್ಲಿ ಕೀನ್ಯಾ, ತಾಂಜಾನಿಯಾಗಳ ಬಯಲುಗಳಿಗೆ ತೆರಳುತ್ತಿರುವ ಈ ಕಾಲದಲ್ಲಿ, ಅವರು ಯಾವ ಪಟ್ಟಿಯನ್ನು ಹಿಡಿದು ಹೊರಡುತ್ತಾರೆ ಎಂಬುದು ವಿಚಾರಕ್ಕೆ ಯೋಗ್ಯವಾದ ವಿಷಯ.

'ಸಫಾರಿ' ಎಂಬುದು ಸ್ವಾಹಿಲಿ ಭಾಷೆಯ ಮಾತು. ಅದಕ್ಕೆ ಪ್ರಯಾಣ ಎಂದಷ್ಟೇ ಅರ್ಥ. ಅರಬ್ಬಿಯ 'ಸಫರ್' ಅದರ ಮೂಲ. ಈ ನಿರಪಾಯಕರ ಶಬ್ದಕ್ಕೆ ರಕ್ತದ ವಾಸನೆ ಅಂಟಿದ್ದು ಯುರೋಪು, ಅಮೆರಿಕಗಳ ಸಿರಿವಂತರು ಅಲ್ಲಿಗೆ ಬೇಟೆಗೆ ಬರತೊಡಗಿದ ಮೇಲೆ. ಅಮೆರಿಕದ ಅಧ್ಯಕ್ಷ ಪದವಿಯಿಂದ ಇಳಿದ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ತಮ್ಮ ಮಗನೊಡನೆ ಕೈಕೊಂಡ ಯಾತ್ರೆಯಲ್ಲಿ ತಂದೆ ಮಕ್ಕಳಿಬ್ಬರೇ ಗುಂಡಿಟ್ಟು ಕೊಂದ ದೊಡ್ಡ ಪ್ರಾಣಿಗಳ ಸಂಖ್ಯೆ 512. ವಸ್ತುಸಂಗ್ರಹಾಲಯಕ್ಕೆ ಮಾದರಿಗಳನ್ನು ಒದಗಿಸುವುದು ಆ ಯಾತ್ರೆಯ ಘೋಷಿತ ಉದ್ದೇಶ. ಆ ಲೆಕ್ಕವನ್ನು ಅವರೇ ಹೆಮ್ಮೆಯಿಂದ ಪ್ರಕಟಿಸಿದರು. ಅಂದಿನ ಓದುಗರು ಅದನ್ನು ಹೆಮ್ಮೆಯಿಂದಲೇ ಓದಿದರು.

ಕಾಲ ಬದಲಾಯಿತು. ಕೀನ್ಯಾ ದೇಶವು 1977ರಲ್ಲಿ ಬೇಟೆಯನ್ನು ಕಾನೂನಿನಿಂದ ನಿಷೇಧಿಸಿತು. ತಾಂಜಾನಿಯಾ ಮೊದಲಾದ ದೇಶಗಳಲ್ಲಿ ಪರವಾನಗಿ ಪಡೆದ ಬೇಟೆ ಇನ್ನೂ ಉಳಿದಿದೆಯಾದರೂ ಬಹುಪಾಲು ಪ್ರವಾಸಿಗಳ ಕೈಯಲ್ಲಿ ಇಂದು ಇರುವುದು ಬಂದೂಕಲ್ಲ, ಕ್ಯಾಮೆರಾ. ಇದು ಸಣ್ಣ ಸಾಧನೆಯಲ್ಲ. ಅಹಿಂಸೆಯಲ್ಲಿ ಶ್ರದ್ಧೆಯುಳ್ಳವರು ಇದನ್ನು ಮನಃಪೂರ್ವಕವಾಗಿ ಮೆಚ್ಚಬೇಕು. ಆದರೆ ಬಂದೂಕು ಕೈಯಿಂದ ಇಳಿದ ಮಾತ್ರಕ್ಕೆ ಬೇಟೆ ಮನಸ್ಸಿನಿಂದ ಇಳಿಯಿತೆಂದು ಹೇಳಲಾಗದು. ಐದು ಮಹಾಮೃಗಗಳ ಪಟ್ಟಿ ಹಾಗೆಯೇ ಉಳಿದಿದೆ. ಒಂದೊಂದು ಕಂಡಂತೆ ಗುರುತು ಹಾಕಿಕೊಳ್ಳುವುದೂ ಉಳಿದಿದೆ. 'ಚಿರತೆ ಸಿಕ್ಕಿತು, ಖಡ್ಗಮೃಗ ಸಿಗಲಿಲ್ಲ' ಎಂದು ಸಂಜೆ ಬಿಡಾರದಲ್ಲಿ ಆಡುವ ಮಾತು ಬೇಟೆಗಾರನ ಮಾತೇ. ಹಣ ತೆತ್ತವನಿಗೆ ಮೃಗ 'ಸಿಗಬೇಕು' ಎಂಬ ಹಕ್ಕುಗಾರಿಕೆಯ ಭಾವ ಅದರಲ್ಲಿದೆ. ಸಫಾರಿಯ ಎಲ್ಲ ದೋಷಗಳಿಗೂ ಬೇರು ಈ ಒಂದು ಭಾವವೇ.

ಆ ಭಾವವು ಬಯಲಿನಲ್ಲಿ ಹೇಗೆ ಕೆಲಸ ಮಾಡುತ್ತದೆಂಬುದಕ್ಕೆ ಚೀತಾದ ಪಾಡು ಒಂದು ನಿದರ್ಶನ. ಕನ್ನಡದಲ್ಲಿ ಸಿವಂಗಿ ಎಂಬ ಹಳೆಯ ಹೆಸರಿರುವ ಈ ಪ್ರಾಣಿ ಭಾರತದಲ್ಲಿ ನಿರ್ನಾಮವಾಯಿತೆಂದು 1952ರಲ್ಲಿ ಸಾರಲಾಯಿತು. 2022ರಲ್ಲಿ ನಮೀಬಿಯಾದಿಂದ ಎಂಟು ಸಿವಂಗಿಗಳನ್ನು ಮಧ್ಯಪ್ರದೇಶದ ಕೂನೊ ಅರಣ್ಯಕ್ಕೆ ತರಬೇಕಾಯಿತು. ಜಗತ್ತಿನಲ್ಲೆಲ್ಲ ಸೇರಿ ಉಳಿದಿರುವ ಸಿವಂಗಿಗಳು ಸುಮಾರು 7,100 ಎಂದು 2016ರ ಅಂದಾಜು. ಇದು ಬಲದ ಪ್ರಾಣಿಯಲ್ಲ, ವೇಗದ ಪ್ರಾಣಿ. ಸಿಂಹ, ಕತ್ತೆಕಿರುಬಗಳು ಎದುರಾದರೆ ತಾನು ಹಿಡಿದ ಆಹಾರವನ್ನೂ ಬಿಟ್ಟು ಓಡುತ್ತದೆ. ಅವುಗಳ ಕಣ್ಣು ತಪ್ಪಿಸಲೆಂದೇ ಹೆಚ್ಚಾಗಿ ಹಗಲಿನಲ್ಲಿ ಬೇಟೆಯಾಡುತ್ತದೆ. ಪ್ರವಾಸಿಗಳು ವಾಹನವೇರಿ ಹೊರಡುವುದೂ ಹಗಲಿನಲ್ಲೇ. ಒಬ್ಬ ಚಾಲಕನಿಗೆ ಸಿವಂಗಿ ಕಂಡರೆ ರೇಡಿಯೊದಲ್ಲಿ ಸುದ್ದಿ ಹರಿಯುತ್ತದೆ. ಸ್ವಲ್ಪ ಹೊತ್ತಿನಲ್ಲೇ ದಿಕ್ಕುದಿಕ್ಕುಗಳಿಂದ ವಾಹನಗಳು ಧೂಳೆಬ್ಬಿಸುತ್ತ ಬಂದು ಸುತ್ತುವರಿಯುತ್ತವೆ. ಹೊಂಚು ಹಾಕಿದ್ದ ತಾಯಿ ಎದ್ದು ಹೋಗಬೇಕಾಗುತ್ತದೆ, ಇಲ್ಲವೆ ಮರಿಗಳು ತಾಯಿಯಿಂದ ಬೇರಾಗುತ್ತವೆ. ವಾಹನಗಳ ಗುಂಪು ದೂರದ ಕತ್ತೆಕಿರುಬಕ್ಕೂ ಸೂಚನೆಯಾಗಬಹುದು.

ಇದು ಕೇವಲ ಭಾವುಕರ ಆತಂಕವಲ್ಲ. ಕೀನ್ಯಾದ ಮಸಾಯಿ ಮಾರಾದಲ್ಲಿ ಫೆಮ್ಕೆ ಬ್ರೂಖೌಸ್ ಎಂಬ ವಿಜ್ಞಾನಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪ್ರವಾಸಿ ವಾಹನಗಳು ಕಡಿಮೆ ಇರುವ ಪ್ರದೇಶಗಳಲ್ಲಿ ತಾಯಿ ಸಿವಂಗಿಯು ಒಂದು ಸೂಲಿನಲ್ಲಿ ಸರಾಸರಿ 2.3 ಮರಿಗಳನ್ನು ಸ್ವತಂತ್ರ ಜೀವನದ ವಯಸ್ಸಿಗೆ ತಲುಪಿಸಿತು. ವಾಹನಗಳು ಹೆಚ್ಚಾಗಿರುವ ಪ್ರದೇಶಗಳಲ್ಲಿ ಈ ಸರಾಸರಿ 0.2. ಐದು ಸೂಲುಗಳಿಗೆ ಒಂದೇ ಮರಿ ಎಂದಂತಾಯಿತು. ವಾಹನಗಳೇ ಮರಿಗಳನ್ನು ಕೊಂದವು ಎಂದು ಆ ಅಧ್ಯಯನ ಹೇಳುವುದಿಲ್ಲ. ಜನಸಂದಣಿಯು ತಾಯಿಯ ನಡವಳಿಕೆಯನ್ನು ಬದಲಿಸಿ, ಆಹಾರ ಸಂಪಾದನೆಗೆ ಅಡ್ಡಿಯಾಗಿರಬಹುದೆಂಬುದು ಅದರ ಸೂಚನೆ. ಯಾವ ಒಂದು ವಾಹನವೂ ತಪ್ಪಿತಸ್ಥನಲ್ಲ. ಎಲ್ಲ ವಾಹನಗಳೂ ಸೇರಿ ಆದ ಫಲ ಇದು. ಚಿತ್ರ ತೆಗೆದುಕೊಂಡು ಸಂತೋಷದಿಂದ ಹಿಂದಿರುಗಿದ ಪ್ರವಾಸಿಗೆ ತನ್ನಿಂದ ಏನಾಯಿತೆಂಬುದು ಎಂದಿಗೂ ತಿಳಿಯುವುದಿಲ್ಲ. ಕಣ್ಣಿಗೆ ಕಾಣದ ಹಿಂಸೆಯೇ ಅತ್ಯಂತ ಸುಲಭವಾಗಿ ನಡೆಯುವ ಹಿಂಸೆ.

ಮಾರಾ ನದಿಯ ದಂಡೆಯಲ್ಲಿ ಈ ದೋಷ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ವಿಲ್ಡ್‌ಬೀಸ್ಟ್ ಎಂಬ, ದನದಂತೆ ಕಾಣುವ ಹುಲ್ಲೆಗಳು ಹತ್ತು ಲಕ್ಷಕ್ಕೂ ಮಿಕ್ಕಿದ ಸಂಖ್ಯೆಯಲ್ಲಿ ಮಳೆ ಮತ್ತು ಹುಲ್ಲನ್ನು ಅನುಸರಿಸಿ ಸೆರೆಂಗೆಟಿಯಿಂದ ಮಾರಾಕ್ಕೆ, ಮಾರಾದಿಂದ ಸೆರೆಂಗೆಟಿಗೆ ವರ್ಷವರ್ಷವೂ ಸಂಚರಿಸುತ್ತವೆ. ಸಾಮಾನ್ಯವಾಗಿ ಜುಲೈಯಿಂದ ಮೂರು ನಾಲ್ಕು ತಿಂಗಳು ಅವು ಮೊಸಳೆಗಳಿರುವ ಆ ನದಿಯನ್ನು ದಾಟಬೇಕು. ದಂಡೆಗೆ ಬಂದ ಹಿಂಡು ಗಂಟೆಗಟ್ಟಲೆ ಹಿಂದುಮುಂದು ನೋಡುತ್ತ ನಿಲ್ಲುವುದುಂಟು. ದಾಟುವ ದೃಶ್ಯ ತಪ್ಪಿಹೋದೀತೆಂದು ಪ್ರವಾಸಿ ವಾಹನಗಳು ನದಿಯ ಅಂಚಿಗೇ ನುಗ್ಗಿ ನಿಂತರೆ ಹಿಂಡಿನ ದಾರಿಯೇ ಮುಚ್ಚಿಹೋಗುತ್ತದೆ. 2025ರ ಜುಲೈ ತಿಂಗಳಲ್ಲಿ ಉತ್ತರ ಸೆರೆಂಗೆಟಿಯಲ್ಲಿ ಪ್ರವಾಸಿಗಳು ವಾಹನಗಳಿಂದ ಇಳಿದು ದಂಡೆಯಲ್ಲೇ ಗುಂಪುಗೂಡಿ, ದಾಟಲು ಬಂದ ಪ್ರಾಣಿಗಳಿಗೆ ಅಡ್ಡಿಯಾದ ದೃಶ್ಯವನ್ನು ಲೋಕವೆಲ್ಲ ನೋಡಿತು. ತಾಂಜಾನಿಯಾದ ಉದ್ಯಾನ ಪ್ರಾಧಿಕಾರವೂ ಈ ಬಗ್ಗೆ ಮಾತನಾಡಬೇಕಾಯಿತು. ಪ್ರಾಣಿಗಳ ಯಾತ್ರೆಯನ್ನು ನೋಡಲು ಹೋದವರೇ ಆ ಯಾತ್ರೆಗೆ ಅಡ್ಡಗೋಡೆಯಾದರು.

ನಿಯಮಗಳಿಲ್ಲವೆಂದಲ್ಲ. ಮಾರಾದ ಪಶ್ಚಿಮ ಭಾಗವಾದ ಮಾರಾ ತ್ರಿಕೋನದಲ್ಲಿ ಒಂದು ಪ್ರಾಣಿಯ ಬಳಿ ಒಮ್ಮೆಗೆ ಐದಕ್ಕಿಂತ ಹೆಚ್ಚು ವಾಹನಗಳು ನಿಲ್ಲಬಾರದು. ಬೇರೆಯವರು ಕಾದಿದ್ದರೆ ಹತ್ತು ನಿಮಿಷಗಳಲ್ಲಿ ಸ್ಥಳ ಬಿಡಬೇಕು. ಗದ್ದಲ ಮಾಡಬಾರದು, ಆಹಾರ ಎಸೆಯಬಾರದು, ಬೇಟೆಯಲ್ಲಿರುವ ಪ್ರಾಣಿಯ ಬೆನ್ನು ಹತ್ತಬಾರದು ಎಂಬ ಕಟ್ಟಳೆಗಳು ಎಲ್ಲ ಉದ್ಯಾನಗಳಲ್ಲೂ ಸಾಮಾನ್ಯ. ನಿಯಮಗಳು ಒಳ್ಳೆಯವೇ. ಅವುಗಳನ್ನು ಮೀರುವವರು ಯಾರು, ಏಕೆ ಎಂಬುದು ಮುಂದಿನ ಪ್ರಶ್ನೆ.

ಮೇಲುನೋಟಕ್ಕೆ ತಪ್ಪು ಚಾಲಕನದು. ಚಕ್ರ ಅವನ ಕೈಯಲ್ಲಿದೆ. ಆದರೆ ಜೈನ ಶಾಸ್ತ್ರವು ಕರ್ಮದ ಲೆಕ್ಕವನ್ನು ಅಷ್ಟು ಸುಲಭವಾಗಿ ಮುಗಿಸುವುದಿಲ್ಲ. ಸ್ವತಃ ಮಾಡಿದ್ದು ಕೃತ, ಮಾಡಿಸಿದ್ದು ಕಾರಿತ, ಮಾಡಿದವನನ್ನು ಒಪ್ಪಿ ಮೆಚ್ಚಿದ್ದು ಅನುಮೋದಿತ, ಮೂರರಲ್ಲೂ ಬಂಧವಿದೆ. ಸಫಾರಿಯ ಚಾಲಕನ ಆದಾಯದಲ್ಲಿ ಬಕ್ಷೀಸಿನ ಪಾಲು ದೊಡ್ಡದು. ಹತ್ತಿರದಿಂದ ಸಿಂಹ ತೋರಿಸಿದವನಿಗೆ ಹೆಚ್ಚು, ದೂರದಲ್ಲೇ ನಿಲ್ಲಿಸಿದವನಿಗೆ ಕಡಿಮೆ ಎಂಬ ರೂಢಿ ಬೆಳೆದರೆ, ನಿಯಮ ಪಾಲಿಸುವ ಚಾಲಕನು ತನ್ನ ಮಕ್ಕಳ ಶಾಲೆಯ ಫೀಜನ್ನು ಪಣವಿಟ್ಟು ಪಾಲಿಸಬೇಕಾಗುತ್ತದೆ. ವ್ಯಾಪಾರ ಬಲ್ಲ ಸಮಾಜಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಿರಾಕಿ ಏನನ್ನು ಕೊಳ್ಳುತ್ತಾನೋ ಅಂಗಡಿಯಲ್ಲಿ ಅದೇ ಸರಕು ತುಂಬುತ್ತದೆ. 'ಇನ್ನೂ ಸ್ವಲ್ಪ ಹತ್ತಿರ ಹೋಗಪ್ಪಾ' ಎಂಬ ಮಾತು ಕಾರಿತ. ಹೋದ ಮೇಲೆ ಕೈಗಿತ್ತ ನೋಟು ಅನುಮೋದಿತ. ಹಿಂದಿನ ಸೀಟಿನಲ್ಲಿ ಮೌನವಾಗಿ ಕುಳಿತು ಚಿತ್ರ ತೆಗೆದುಕೊಂಡವನೂ ಈ ಲೆಕ್ಕದ ಹೊರಗೆ ಉಳಿಯಲಾರ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ದೋಷವಿದೆ. ಸಿಂಹವು ಪ್ರಾಣಿಯೊಂದನ್ನು ಹಿಡಿದು ಕೊಲ್ಲುವ ದೃಶ್ಯವನ್ನು ಕಾಣಬೇಕೆಂಬ ಹಂಬಲ ಸಫಾರಿಯಲ್ಲಿ ಬಹು ಸಾಮಾನ್ಯ. ಅದನ್ನು ಕಂಡವರು ಭಾಗ್ಯವಂತರೆಂದೂ ಕಾಣದವರು ನತದೃಷ್ಟರೆಂದೂ ಎಣಿಕೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿಷ್ಪ್ರಯೋಜಕ ಪಾಪಗಳಾದ ಅನರ್ಥದಂಡಗಳನ್ನು ಐದಾಗಿ ವಿಂಗಡಿಸಿದ್ದಾರೆ. ಅವುಗಳಲ್ಲಿ ಅಪಧ್ಯಾನವೂ ಒಂದು. ಪರರಿಗೆ ವಧೆ, ಬಂಧನಗಳು ಒದಗಲೆಂದು ಮನಸ್ಸಿನಲ್ಲೇ ಬಯಸುವುದು ಅದರ ಸ್ವರೂಪ. ಹಿಂಸೆಯಲ್ಲಿ ಆನಂದ ಪಡುವುದನ್ನು ರೌದ್ರಧ್ಯಾನದ ಭೇದಗಳಲ್ಲಿ ಮೊದಲನೆಯದಾಗಿ ಎಣಿಸಲಾಗಿದೆ. ಹುಲ್ಲು ಮೇಯುತ್ತಿರುವ ಹುಲ್ಲೆಯ ಮರಿಯನ್ನೂ ಅದರ ಹಿಂದೆ ಹೊಂಚು ಹಾಕಿದ ಸಿಂಹಿಣಿಯನ್ನೂ ಒಟ್ಟಿಗೆ ನೋಡುತ್ತ, 'ಬೇಗ ಆಗಲಿ, ಬೆಳಕು ಹೋಗುವುದರೊಳಗೆ ಆಗಲಿ' ಎಂದು ಮನಸ್ಸು ಹಾರೈಸಿದರೆ ಅದು ಯಾವ ಧ್ಯಾನವೆಂಬುದನ್ನು ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ಕೇಳಿಕೊಳ್ಳಬೇಕು.

ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಎಡೆಗೊಡಬಾರದು. ಸಿಂಹವನ್ನು ಕ್ರೂರಿಯೆಂದು ಹಳಿಯುವುದು ಜೈನ ದೃಷ್ಟಿಯಲ್ಲ. ಅದೂ ಮನಸ್ಸುಳ್ಳ ಪಂಚೇಂದ್ರಿಯ ಜೀವ. ತನ್ನ ದೇಹಧರ್ಮಕ್ಕೆ ಕಟ್ಟುಬಿದ್ದು ಬದುಕುತ್ತಿರುವ ಜೀವ. ಮಹಾವೀರರ ಜೀವವೇ ಹಿಂದಿನ ಭವವೊಂದರಲ್ಲಿ ಸಿಂಹವಾಗಿ ಹುಟ್ಟಿ, ಮುನಿಗಳ ಉಪದೇಶದಿಂದ ಶಾಂತವಾದ ಕಥೆ ಪುರಾಣಗಳಲ್ಲಿದೆ. ಹೊಂಚು ಹಾಕಿದ ಸಿಂಹವನ್ನು ಕೂಗಿ ಓಡಿಸಿ ಹುಲ್ಲೆಯನ್ನು ಉಳಿಸಲು ಹೋಗುವುದೂ ವಿವೇಕವಲ್ಲ. ಸಿಂಹದ ಮರಿಗಳ ಹಸಿವೂ ಹಸಿವೇ. ಅಡ್ಡಿ ಬರದೆ, ಆಸೆಯನ್ನೂ ಪಡದೆ, ಎದುರಿಗೆ ನಡೆದದ್ದನ್ನು ಅನುಕಂಪೆಯಿಂದ ಕಾಣುವುದು ನಿಜವಾಗಿ ಕಷ್ಟ. ಮಾಧ್ಯಸ್ಥ್ಯಭಾವವೆಂದರೆ ಕಲ್ಲುಮನಸ್ಸಲ್ಲ. ರಾಗವೂ ದ್ವೇಷವೂ ಇಲ್ಲದ ನೋಟ ಅದು.

ಹಾಗಾದರೆ ಹೋಗದಿರುವುದೇ ಲೇಸಲ್ಲವೆ ಎಂಬ ವಾದವನ್ನು ತೂಗಿ ನೋಡಬೇಕು. ಈ ವಾದದಲ್ಲಿ ಪ್ರಾಮಾಣಿಕತೆ ಇದೆ. ಮನೆಯಲ್ಲೇ ಇದ್ದವನಿಂದ ಸಿವಂಗಿಗೆ ತೊಂದರೆಯಿಲ್ಲ. ಆದರೆ ಜಮಾಖರ್ಚಿನ ಎರಡು ಕಡೆಯನ್ನೂ ಓದಬೇಕು. ಮಾರಾದ ಸುತ್ತಲಿನ ವಿಶಾಲ ಭೂಮಿ ಮಾಸಾಯಿ ಕುಟುಂಬಗಳಿಗೆ ಸೇರಿದ್ದು. ಅನೇಕ ಕುಟುಂಬಗಳು ತಮ್ಮ ಜಮೀನಿಗೆ ಬೇಲಿ ಹಾಕದೆ, ಉಳದೆ, ಒಟ್ಟುಗೂಡಿಸಿ ವನ್ಯಪ್ರಾಣಿಗಳಿಗೆ ಬಿಟ್ಟುಕೊಟ್ಟು, ಪ್ರವಾಸದಿಂದ ಬರುವ ಗೇಣಿಯನ್ನು ಪಡೆಯುತ್ತವೆ. ಇಂಥ ಭೂಮಿಗಳಲ್ಲಿ ವಾಹನಗಳ ಮತ್ತು ಬಿಡಾರಗಳ ಸಂಖ್ಯೆಗೆ ಕಟ್ಟುನಿಟ್ಟಿನ ಮಿತಿಯಿದೆ. 2020ರಲ್ಲಿ ಕೊರೋನಾ ರೋಗದಿಂದ ಪ್ರವಾಸ ನಿಂತಾಗ ಈ ಗೇಣಿಗೂ ಕಾವಲುಗಾರರ ಸಂಬಳಕ್ಕೂ ಕತ್ತರಿ ಬಿದ್ದಿತು. ಪ್ರವಾಸಿಯ ಹಣ ಪೂರ್ತಿಯಾಗಿ ನಿಂತರೆ ಆ ಬಯಲು ಮೃಗಗಳಿಗೆ ಉಳಿಯುತ್ತದೆಂಬ ಭರವಸೆ ಇಲ್ಲ; ಬೇಲಿ, ಹೊಲಗಳು ಅದನ್ನು ಆವರಿಸುವ ಸಂಭವವೇ ಹೆಚ್ಚು.

ಆ ನೆಲದ ಜನರ ತ್ಯಾಗವನ್ನೂ ಇಲ್ಲಿ ಸ್ಮರಿಸಬೇಕು. ಸೆರೆಂಗೆಟಿ ರಾಷ್ಟ್ರೀಯ ಉದ್ಯಾನವನ್ನು ಜನರಹಿತವಾಗಿಸಲು 1959ರಲ್ಲಿ ಮಾಸಾಯಿಗಳನ್ನು ಅಲ್ಲಿಂದ ಗೋರೊಂಗೋರೊ ಕಡೆಗೆ ಸರಿಸಲಾಯಿತು. ಪ್ರವಾಸಿ ಕಾಣುವ ನಿರ್ಜನ ಬಯಲು ಮೊದಲಿನಿಂದಲೂ ನಿರ್ಜನವಾಗಿರಲಿಲ್ಲ. ಸಿಂಹವನ್ನು ಎದುರಿಸಿ ಕೊಲ್ಲುವುದು ಮಾಸಾಯಿ ತರುಣರ ಪರಾಕ್ರಮದ ಗುರುತಾಗಿದ್ದ ಕಾಲವೂ ಇತ್ತು. 2007ರಲ್ಲಿ ಅಂಬೊಸೆಲಿ ಪ್ರದೇಶದಲ್ಲಿ ಆರಂಭವಾದ 'ಲಯನ್ ಗಾರ್ಡಿಯನ್ಸ್' ಎಂಬ ವ್ಯವಸ್ಥೆಯಲ್ಲಿ ಅಂಥದೇ ತರುಣರು ಸಿಂಹಗಳ ಹೆಜ್ಜೆ ಅರಸಿ, ದನಗಾಹಿಗಳನ್ನು ಎಚ್ಚರಿಸಿ, ಸೇಡಿನ ಬೇಟೆಯನ್ನು ತಡೆಯುತ್ತಾರೆ. ಕೊಲ್ಲುವ ವಿದ್ಯೆಯೇ ಕಾಯುವ ವಿದ್ಯೆಯಾಯಿತು. ದನ ಕಳೆದುಕೊಂಡ ನೆರೆಯವನ ಕೋಪವನ್ನು ತಣಿಸಿ ಸಿಂಹವನ್ನು ಉಳಿಸುವ ಆ ತರುಣನ ಅಹಿಂಸೆ, ಟಿಕೆಟು ಕೊಂಡು ಬಂದವನ ಅಹಿಂಸೆಗಿಂತ ದುಬಾರಿಯದು. ಇಂಥವರನ್ನು ಚಿತ್ರದ ಅಲಂಕಾರವಾಗಿ ಕಾಣದೆ, ಅನುಮತಿ ಕೇಳಿ, ಹೆಸರು ಕೇಳಿ ಮಾತನಾಡಿಸುವುದೂ ಗೌರವದ ಭಾಗವೇ.

ಆದ್ದರಿಂದ ಹೋಗಬೇಕೆ ಬೇಡವೆ ಎಂಬುದಕ್ಕಿಂತ ಹೇಗೆ ಹೋಗಬೇಕೆಂಬುದು ಮುಖ್ಯ. ಈ ವಿಷಯದಲ್ಲಿ ಜೈನ ಪ್ರವಾಸಿಗಳ ರೂಢಿಯನ್ನು ಸ್ವಲ್ಪ ಕಟುವಾಗಿ ವಿಮರ್ಶಿಸಲೇಬೇಕು. ಪ್ರವಾಸ ಸಂಸ್ಥೆಗೆ ಅವರು ಕೇಳುವ ಮೊದಲ ಪ್ರಶ್ನೆ ಊಟದ್ದು. ಈರುಳ್ಳಿ, ಬೆಳ್ಳುಳ್ಳಿ, ಗಡ್ಡೆಗೆಣಸುಗಳಿಲ್ಲದ ಅಡಿಗೆ ದೊರೆಯುವುದೇ? ಸೂರ್ಯಾಸ್ತಕ್ಕೆ ಮೊದಲು ಊಟವಾಗುವುದೇ? ಈ ಪ್ರಶ್ನೆಗಳು ಯೋಗ್ಯವಾದವು. ಇಪ್ಪತ್ತನೆಯ ಶತಮಾನದ ಆರಂಭದ ವೇಳೆಗೇ ಗುಜರಾತಿನ ಹಾಲಾರ್ ಕಡೆಯ ಓಸವಾಲ ಜೈನರು ಕೀನ್ಯಾದಲ್ಲಿ ನೆಲಸಿ, ನೈರೋಬಿ, ಮೊಂಬಾಸಾಗಳಲ್ಲಿ ಜಿನಮಂದಿರಗಳನ್ನೂ ಕಟ್ಟಿಕೊಂಡಿರುವುದರಿಂದ ಅಲ್ಲಿ ಶುದ್ಧ ಶಾಕಾಹಾರ ಹೊಸದೇನಲ್ಲ. ಆದರೆ ಪ್ರಶ್ನೆಗಳು ಅಲ್ಲಿಗೇ ಮುಗಿದುಬಿಡುತ್ತವೆ. ಚಾಲಕನು ದಾರಿ ಬಿಟ್ಟು ಹುಲ್ಲಿನ ಮೇಲೆ ಓಡಿಸುವನೇ? ಮರಿಗಳಿರುವ ತಾಯಿಯ ಬಳಿ ಎಷ್ಟು ಹೊತ್ತು ನಿಲ್ಲಿಸುವನೇ? ಇವನ್ನು ಕೇಳುವವರು ವಿರಳ. ಬೆಳಿಗ್ಗೆ ತಟ್ಟೆಯಲ್ಲಿ ಒಂದು ಗಡ್ಡೆಯನ್ನೂ ಸಹಿಸದವರು ಹತ್ತು ಗಂಟೆಗೆ ನೆಲದಲ್ಲಿ ಗೂಡು ಮಾಡುವ ಹಕ್ಕಿಯ ಮೊಟ್ಟೆಗಳ ಮೇಲೆ ಚಕ್ರ ಹರಿಯುವುದನ್ನು ಗಮನಿಸದೆ ಹೋದರೆ, ಆ ವ್ರತ ತಟ್ಟೆಯ ಅಂಚಿನಲ್ಲಿ ನಿಂತುಹೋಯಿತೆಂದೇ ಅರ್ಥ.

ಈರ್ಯಾಸಮಿತಿಯು ಮುನಿಗಳಿಗೆ ವಿಧಿಸಿದ್ದು. ಮುಂದಿನ ನೆಲವನ್ನು ನೋಡಿ, ಜೀವಬಾಧೆಯಾಗದಂತೆ ಹೆಜ್ಜೆ ಇಡುವುದು ಅದರ ಸಾರ. ಗೃಹಸ್ಥನು ವಾಹನದಲ್ಲಿ ಕುಳಿತಾಗ ಆ ವಾಹನದ ಚಕ್ರವೇ ಅವನ ಹೆಜ್ಜೆ. ದಾರಿ ಬಿಡದೆ, ನಿಧಾನವಾಗಿ, ಆನೆಯ ಲದ್ದಿಯಲ್ಲಿ ದುಂಬಿಗಳಿರುತ್ತವೆಂದು ನೆನೆದು ಅದನ್ನು ತಪ್ಪಿಸಿ ಓಡಿಸುವಂತೆ ಕೇಳುವುದು ಕಷ್ಟವೇನಲ್ಲ. ಮೇಘಕುಮಾರನ ಹಿಂದಿನ ಭವದ ಕಥೆ ಹಲವರಿಗೆ ಗೊತ್ತಿರುತ್ತದೆ. ಕಾಡ್ಗಿಚ್ಚಿನಲ್ಲಿ ತನ್ನ ಕಾಲಡಿಯ ಜಾಗಕ್ಕೆ ಬಂದು ಸೇರಿದ ಮೊಲಕ್ಕಾಗಿ, ಎತ್ತಿದ ಕಾಲನ್ನು ಕೆಳಗಿಡದೆ ನಿಂತ ಆನೆಯ ಕಥೆ ಅದು. ಆನೆಯಿಂದಲೇ ಕಲಿಯಬಹುದಾದ ಈ ಪಾಠವನ್ನು ಆನೆಯನ್ನು ನೋಡಲು ಹೋದಾಗ ಮರೆಯಬಾರದು.

ಮೃಗಗಳಿಗೂ ಮಾತಿದೆ, ಓದಲು ತಾಳ್ಮೆ ಬೇಕು. ಆನೆಯು ಕಿವಿಗಳನ್ನು ಅಗಲಿಸಿ ವಾಹನದತ್ತ ನೆಟ್ಟಗೆ ನಿಂತರೆ, ತಲೆ ಕೊಡಹಿದರೆ, ಮರಿಯನ್ನು ಹಿಂದಕ್ಕೆ ಸರಿಸಿಕೊಂಡರೆ 'ಸಾಕು, ಹೋಗಿ' ಎಂದು ಹೇಳಿದಂತೆ. ಮೇಯುತ್ತಿದ್ದ ಹುಲ್ಲೆ ಮೇವು ನಿಲ್ಲಿಸಿ ದಿಟ್ಟಿಸಿದರೆ ನೋಡುವವನು ಆಗಲೇ ಗಡಿ ದಾಟಿದ್ದಾನೆ. ಮೃಗವು ತನ್ನ ಕೆಲಸವನ್ನು ಬಿಡದೆ ಮುಂದುವರಿಸುವಷ್ಟು ದೂರವೇ ಸರಿಯಾದ ದೂರ. ಅಳತೆಗೋಲಿಲ್ಲದೆಯೂ ಇದನ್ನು ಅರಿಯಬಹುದು. ಇದಕ್ಕೆ ಬೇಕಾದದ್ದು ಮೌನ, ಸಮಯ ಮತ್ತು ಪಟ್ಟಿಯನ್ನು ಮಡಿಸಿಡುವ ಮನಸ್ಸು. ಒಂದು ಜಲಾಶಯದ ಬಳಿ ಎರಡು ಗಂಟೆ ಸುಮ್ಮನೆ ಕುಳಿತವನು, ದಿನವಿಡೀ ಐದು ಮೃಗಗಳ ಬೆನ್ನಟ್ಟಿದವನಿಗಿಂತ ಹೆಚ್ಚನ್ನು ಕಾಣುತ್ತಾನೆ.

ಇಷ್ಟಕ್ಕೂ ಅವಸರಪಟ್ಟು ಪಡೆಯುವಂಥದು ಅಲ್ಲಿ ಏನಿದೆ? ಕೀನ್ಯಾದ ಓಲ್ ಪೆಜೆಟಾದಲ್ಲಿ ಸುಡಾನ್ ಎಂಬ ಹೆಸರಿನ ಖಡ್ಗಮೃಗವು 2018ರ ಮಾರ್ಚ್ ತಿಂಗಳಲ್ಲಿ ತನ್ನ ಮುಪ್ಪಿನಲ್ಲಿ ಸತ್ತಿತು. ಉತ್ತರದ ಬಿಳಿ ಖಡ್ಗಮೃಗದ ಕುಲದಲ್ಲಿ ಅದು ಕೊನೆಯ ಗಂಡು. ಉಳಿದವು ನಾಜಿನ್ ಮತ್ತು ಫಾತು ಎಂಬ ತಾಯಿ ಮಗಳು ಮಾತ್ರ. ಆಯುಧಧಾರಿ ಕಾವಲುಗಾರರ ನಡುವೆ ಅವು ಹುಲ್ಲು ಮೇಯುತ್ತವೆ. ಅವುಗಳ ಎದುರು ನಿಂತವನು ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುವ ಮೊದಲು, ಕೊಂಬಿನ ಲೋಭವು ಒಂದು ಕುಲವನ್ನೇ ಎಲ್ಲಿಗೆ ತಂದಿತೆಂದು ಒಂದು ಕ್ಷಣ ಚಿಂತಿಸಿದರೆ ಆ ಯಾತ್ರೆ ಸಾರ್ಥಕ.

ಸಮಾಜದ ಸಂಘಗಳೂ ಬಸದಿಗಳ ಟ್ರಸ್ಟುಗಳೂ ಯಾತ್ರಾರ್ಥಿಗಳನ್ನು ಕೂಡಿಸಿ ಪ್ರವಾಸ ಏರ್ಪಡಿಸುವಲ್ಲಿ ನುರಿತವರು. ವಿದೇಶ ಪ್ರವಾಸಕ್ಕೆ ಕರಾರು ಬರೆಯುವಾಗ ಊಟದ ಷರತ್ತಿನ ಕೆಳಗೆ ಇನ್ನು ಕೆಲವು ಸಾಲುಗಳನ್ನು ಸೇರಿಸುವುದು ಅವರಿಗೆ ಅಸಾಧ್ಯವಲ್ಲ. ವಾಹನವು ದಾರಿ ಬಿಡಕೂಡದು. ಐದು ವಾಹನಗಳು ಈಗಾಗಲೇ ಇರುವಲ್ಲಿಗೆ ಆರನೆಯದಾಗಿ ಹೋಗಕೂಡದು. ಬೇಟೆಯಲ್ಲಿರುವ ಅಥವಾ ಮರಿಗಳೊಂದಿಗಿರುವ ಪ್ರಾಣಿಯನ್ನು ಹಿಂಬಾಲಿಸಕೂಡದು. ನದಿಯ ದಂಡೆಯಲ್ಲಿ ಹಿಂಡು ದಾಟಲು ಆರಂಭಿಸುವವರೆಗೆ ದೂರದಲ್ಲೇ ಕಾಯಬೇಕು. ಇವುಗಳ ಜೊತೆಗೆ ಅತ್ಯಂತ ಪರಿಣಾಮಕಾರಿಯಾದ ಒಂದು ಷರತ್ತು: ಚಾಲಕನ ಬಕ್ಷೀಸನ್ನು ಮೊದಲ ದಿನವೇ ಗೊತ್ತುಮಾಡಿ, ಅದು ಕಂಡ ಮೃಗಗಳ ಲೆಕ್ಕಕ್ಕಲ್ಲ, ಪಾಲಿಸಿದ ನಿಯಮಕ್ಕೆ ಎಂದು ಅವನಿಗೆ ಸ್ಪಷ್ಟವಾಗಿ ತಿಳಿಸಬೇಕು. ಮೃಗ ಕಾಣದಿದ್ದರೂ ತನ್ನ ಕೂಲಿಗೆ ಕೊರತೆಯಿಲ್ಲವೆಂದು ತಿಳಿದ ಚಾಲಕನು ವಾಹನವನ್ನು ತಾನಾಗಿಯೇ ದೂರದಲ್ಲಿ ನಿಲ್ಲಿಸುತ್ತಾನೆ.